ಅಳು ನಿಂತರೆ

ನರ್ಸಿಂಗ್ ತರಬೇತಿ ಮುಗಿಸಿ ಮೈಸೂರಿನಿಂದ ಊರಿಗೆ ಬಂದ ಆ ಚಳಿಗಾಲದಲ್ಲಿ, ಭಯ ಅಂದರೆ ಏನು ಅಂತ ನನಗೆ ಆಗಲೇ ಗೊತ್ತಾಗಿದೆ ಅಂದುಕೊಂಡಿದ್ದೆ. ದೊಡ್ಡಾಸ್ಪತ್ರೆಯ ವಾರ್ಡುಗಳಲ್ಲಿ ಸಾವು ನೋಡಿದ್ದೆ. ಆದರೆ ಅಲ್ಲಿ ನನ್ನ ಬೆನ್ನ ಹಿಂದೆ ಯಾವಾಗಲೂ ಒಬ್ಬ ಸಿಸ್ಟರ್ ಇರುತ್ತಿದ್ದರು, ಸಿಸ್ಟರ ಹಿಂದೆ ಒಬ್ಬ ಡಾಕ್ಟರು. ನಮ್ಮ ಮನೆಯ ಬಾಣಂತಿ ಕೋಣೆಯಲ್ಲಿ ನನ್ನ ಬೆನ್ನ ಹಿಂದೆ ಇದ್ದದ್ದು ಗೋಡೆ ಮಾತ್ರ.

ನಮ್ಮದು ಕುಶಾಲನಗರದಿಂದ ಎತ್ತಿನ ಗಾಡಿಯಲ್ಲಿ ಹೋಗಿ ಬರುವಷ್ಟು ದೂರದ ಹಳ್ಳಿ. ಅಪ್ಪ ಹಾಸನದ ಕಡೆಯಿಂದ ಬಂದು ಅಲ್ಲಿ ಭೂಮಿ ಮಾಡಿಕೊಂಡು ನೆಲೆಸಿದವರು. ಆಗ ಕೊಡಗು ಬೇರೆಯದೇ ರಾಜ್ಯ. ಸೇತುವೆ ದಾಟಿ ಆಚೆ ಹೋದರೆ ಮೈಸೂರು ಸೀಮೆ, ಈಚೆ ಘಾಟಿ ಹತ್ತಿದರೆ ಮಡಿಕೇರಿ. ನನಗೆ ಕೆಲಸದ ಆರ್ಡರು ಇನ್ನೂ ಬಂದಿರಲಿಲ್ಲ. ಅಕ್ಕ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಮದುವೆಯಾಗಿ ಬಹಳ ವರ್ಷ ಕಾದ ಮೇಲೆ ನಿಂತ ಬಸಿರು. ಮನೆಯವರೆಲ್ಲ ಅವಳನ್ನು ಎಣ್ಣೆ ದೀಪದ ಹಾಗೆ ನೋಡಿಕೊಳ್ಳುತ್ತಿದ್ದರು.

ಹೆರಿಗೆ ಸಲೀಸಾಗೇ ಆಯಿತು. ಬೆಳಕು ಹರಿದು ಕೊಟ್ಟಿಗೆಯಲ್ಲಿ ಹಾಲು ಕರೆಯುವ ಹೊತ್ತಿಗೆ ಹೆಣ್ಣು ಕೂಸು ಹುಟ್ಟಿತು. ಹೆರಿಗೆ ಮಾಡಿಸಿದ್ದು ಊರಿನ ಸೂಲಗಿತ್ತಿ ಅಜ್ಜಿ. ಅಕ್ಕನನ್ನೂ ನನ್ನನ್ನೂ ಹೊರಗೆ ತಂದದ್ದು ಅದೇ ಕೈ. ನಾನು ಕತ್ತರಿ ಕುದಿಸಿಕೊಟ್ಟೆ, ಹೊಕ್ಕುಳ ಕಟ್ಟಿದೆ, ಅಷ್ಟೆ. ಕೂಸು ಹುಟ್ಟುತ್ತಲೇ ಜೋರಾಗಿ ಅತ್ತಿತು. ಮೈಯೆಲ್ಲ ಕೆಂಪಗಿತ್ತು. ಅವ್ವ ಹೊರಗೆ ಹೋಗಿ ಅಪ್ಪನಿಗೆ ಹೇಳಿ ಬಂದಳು.

ತೊಳೆದು, ಬೆಚ್ಚಗೆ ಸುತ್ತಿ, ಅಕ್ಕನ ಪಕ್ಕಕ್ಕೆ ಮಲಗಿಸಿದೆವು. ಅಳು ಸಣ್ಣಗಾಯಿತು, ನಿಂತಿತು. ಕೂಸು ಬಾಯಿ ಮುಚ್ಚಿತು. ಅಜ್ಜಿ ಬಿಸಿನೀರಿಗೆ ಎದ್ದಳು. ನಾನು ಅಭ್ಯಾಸಬಲದಿಂದ ಕೂಸಿನ ಎದೆ ನೋಡುತ್ತಾ ಕೂತೆ. ನಮ್ಮ ಸಿಸ್ಟರು ಕಲಿಸಿದ್ದು ಅದನ್ನೇ: ಹುಟ್ಟಿದ ಮಗುವನ್ನು ಮುಟ್ಟುವ ಮೊದಲು ಸುಮ್ಮನೆ ನೋಡಿ. ಹೊಟ್ಟೆ ಏರಿಳಿಯುವುದನ್ನು ನೋಡಿ, ಪಕ್ಕೆಗಳ ನಡುವಿನ ಚರ್ಮ ನೋಡಿ, ತುಟಿ ನೋಡಿ.

ಸುತ್ತಿದ ಬಟ್ಟೆ ಸರಿಸಿದೆ. ಎದೆಯ ಗುಂಡಿ ಒಳಕ್ಕೆ ಎಳೆಯುತ್ತಿತ್ತು. ಎಷ್ಟು ಒಳಕ್ಕೆ ಅಂದರೆ ಅಲ್ಲಿ ಒಂದು ಹುಣಸೆಬೀಜ ಇಟ್ಟರೆ ನಿಲ್ಲುವಷ್ಟು. ಪಕ್ಕೆಲುಬುಗಳು ಒಂದೊಂದಾಗಿ ಎದ್ದು ಕಾಣುತ್ತಿದ್ದವು. ಮೂಗಿನ ಹೊಳ್ಳೆಗಳು ಅರಳಿ ಅರಳಿ ಮುಚ್ಚುತ್ತಿದ್ದವು. ಇಷ್ಟೆಲ್ಲ ಪಾಡುಪಟ್ಟರೂ ಉಸಿರಿನ ಸದ್ದೇ ಇಲ್ಲ. ನೋಡುನೋಡುತ್ತಿದ್ದ ಹಾಗೇ ತುಟಿಗೆ ನೇರಳೆಹಣ್ಣು ತಿಂದ ಬಣ್ಣ ಬಂತು. ಆಮೇಲೆ ನಾಲಗೆಗೆ, ಆಮೇಲೆ ಮುಖಕ್ಕೆಲ್ಲ.

ಕೂಸನ್ನೆತ್ತಿ ಅಂಗಾಲಿಗೆ ಚಿಟಿಕೆ ಹೊಡೆದೆ. ಅದು ಬಾಯಿ ತೆರೆದು ಕಿರುಚಿತು. ಎರಡು ಮೂರು ಅಳು ಆಗುವಷ್ಟರಲ್ಲಿ ನೀಲಿ ಇಳಿದು ಮೈ ಮತ್ತೆ ಕೆಂಪಾಯಿತು.

"ಏನೇ ಅದು? ಮಲಗಿದ್ದ ಕೂಸನ್ನ ಯಾಕೆ ಹೊಡಿತೀಯ?" ಅವ್ವ ಬಾಗಿಲಲ್ಲಿ ನಿಂತಿದ್ದಳು.

"ಉಸಿರು ಸರಿಯಿಲ್ಲ ಅವ್ವ. ಸ್ವಲ್ಪ ತಡಿ."

"ಈಗಿನ್ನೂ ಹುಟ್ಟೈತೆ, ಸುಸ್ತಾಗೈತೆ. ಒಂದು ಚೂರು ಜೇನು ನೆಕ್ಕಿಸಿದ್ರೆ ಸರಿಹೋಯ್ತದೆ."

"ಬ್ಯಾಡ. ಏನೂ ಕೊಡಬ್ಯಾಡ" ಅಂದೆ.

ಯಾಕೆ ಬೇಡ ಅಂದೆನೆಂದರೆ ನನ್ನ ತಲೆಗೆ ಮೊದಲು ಬಂದದ್ದು ಅನ್ನನಾಳದ ಯೋಚನೆ. ಕೆಲವು ಮಕ್ಕಳಿಗೆ ಹುಟ್ಟುವಾಗಲೇ ಅನ್ನನಾಳ ಅರ್ಧಕ್ಕೆ ನಿಂತಿರುತ್ತದೆ, ಇಲ್ಲವೇ ಶ್ವಾಸನಾಳಕ್ಕೆ ಕೂಡಿಕೊಂಡಿರುತ್ತದೆ. ಬಾಯಲ್ಲಿ ನೊರೆ ಬರುತ್ತದೆ, ಮೊದಲ ಗುಟುಕಿಗೇ ಕೆಮ್ಮಿ ನೀಲಿಯಾಗುತ್ತವೆ. ತರಬೇತಿಯಲ್ಲಿದ್ದಾಗ ಅಂಥ ಒಂದು ಮಗು ನಮ್ಮ ವಾರ್ಡಿಗೆ ಬಂದಿತ್ತು. ಅದು ಹೋದ ಮೇಲೆ ಅದರ ತೊಟ್ಟಿಲ ಬಟ್ಟೆ ಮಡಚಿದವಳು ನಾನೇ. ನಮ್ಮ ಅಕ್ಕನ ಕೂಸಿಗೂ ಅದೇ ಆಗಿದ್ದರೆ ಆಗಿನ ಕಾಲಕ್ಕೆ ಮಡಿಕೇರಿಯಲ್ಲೂ ಇಲ್ಲ, ಮೈಸೂರಿನಲ್ಲೂ ಇಲ್ಲ ದಾರಿ.

ನನ್ನ ಪೆಟ್ಟಿಗೆಯಲ್ಲಿ ಕೂಸುಗಳ ಗಂಟಲಿನ ಲೋಳೆ ತೆಗೆಯುವ ಸಣ್ಣ ರಬ್ಬರ್ ಟ್ಯೂಬು ಇತ್ತು. ಒಲೆಯ ಮೇಲೆ ನೀರು ಕಾಯುತ್ತಲೇ ಇತ್ತು, ಅದರಲ್ಲೇ ಕುದಿಸಿದೆ. ಅಜ್ಜಿ ಕೂಸಿನ ತಲೆ ಹಿಡಿದುಕೊಂಡಳು. ಬಾಯಿಯಿಂದ ಮೆಲ್ಲಗೆ ಇಳಿಸುತ್ತಾ ಹೋದೆ. ಎಲ್ಲಿ ತಡೆಯುತ್ತದೋ, ಎಲ್ಲಿ ಮಡಚಿಕೊಂಡು ವಾಪಸು ಬಾಯಿಗೇ ಬರುತ್ತದೋ ಅಂತ ಬೆರಳ ತುದಿಯಲ್ಲೇ ಜೀವ ಇಟ್ಟುಕೊಂಡಿದ್ದೆ. ಟ್ಯೂಬು ತಡೆಯಲಿಲ್ಲ. ಹೊಟ್ಟೆಯವರೆಗೂ ಹೋಯಿತು. ಹೀರಿದಾಗ ಸ್ವಲ್ಪ ತೆಳು ನೀರು ಬಂತು. ಹೊಟ್ಟೆ ಮೃದುವಾಗಿತ್ತು, ಉಬ್ಬಿರಲಿಲ್ಲ. ಗುದದ್ವಾರ ಇತ್ತು. ಅನ್ನದ ದಾರಿ ತೆರೆದಿದೆ ಅಂತಾಯಿತು.

ಮತ್ತೇನು? ಹೃದಯವೇ? ಹೃದಯದ ತೊಂದರೆ ಇರುವ ಮಗು ಅತ್ತರೆ ಇನ್ನಷ್ಟು ನೀಲಿಯಾಗುತ್ತದೆ ಅಂತ ಓದಿದ್ದೆ. ಇಲ್ಲಿ ತಿರುಗುಮುರುಗು. ಅತ್ತರೆ ಕೆಂಪು, ಸುಮ್ಮನಾದರೆ ನೀಲಿ. ನಾನು ಯೋಚಿಸುತ್ತಾ ಕೂತಿದ್ದಾಗ ಕೂಸಿನ ಅಳು ಮತ್ತೆ ತಗ್ಗಿತು, ತುಟಿ ಕೂಡಿತು, ಎದೆಯ ಗುಂಡಿ ಮತ್ತೆ ಒಳಕ್ಕೆ ಹೋಯಿತು. ಆಗ ನಮ್ಮ ಸಿಸ್ಟರು ಯಾವಾಗಲೋ ಹೇಳಿದ ಒಂದು ಮಾತು ನೆನಪಾಯಿತು. ಹುಟ್ಟಿದ ಕೂಸಿಗೆ ಬಾಯಲ್ಲಿ ಉಸಿರಾಡೋದು ಗೊತ್ತಿರೋದಿಲ್ಲ, ಅದು ಗೊತ್ತಾಗೋಕೆ ವಾರಗಟ್ಟಲೆ ಬೇಕು.

ಹತ್ತಿಯ ಎಳೆಯೊಂದನ್ನು ಕಿತ್ತು ಕೂಸಿನ ಮೂಗಿನ ಕೆಳಗೆ ಹಿಡಿದೆ. ಎಳೆ ಅಲುಗಲಿಲ್ಲ. ಇನ್ನೊಂದು ಹೊಳ್ಳೆಗೆ ಹಿಡಿದೆ. ಅಲ್ಲೂ ಇಲ್ಲ. ಟ್ಯೂಬಿನ ತುದಿಗೆ ಎಣ್ಣೆ ಸವರಿ ಒಂದು ಹೊಳ್ಳೆಗೆ ಬಿಟ್ಟೆ. ಸ್ವಲ್ಪ ಒಳಗೆ ಹೋಗಿ ಗೋಡೆಗೆ ತಾಗಿದ ಹಾಗೆ ನಿಂತಿತು. ಇನ್ನೊಂದು ಹೊಳ್ಳೆಯಲ್ಲೂ ಅಷ್ಟೇ ದೂರಕ್ಕೆ ನಿಂತಿತು. ಕೂಸಿಗೆ ಮೂಗಿತ್ತು, ಮೂಗಿನ ಹಿಂದೆ ದಾರಿ ಇರಲಿಲ್ಲ.

ಕಿರುಬೆರಳನ್ನು ಬಾಯಿಯ ಮೂಲೆಯಿಂದ ಒಳಗೆ ಹಾಕಿ ನಾಲಗೆಯನ್ನು ಕೆಳಕ್ಕೆ ಒತ್ತಿದೆ. ಸುಯ್ ಎಂದು ಗಾಳಿ ನನ್ನ ಬೆರಳ ಪಕ್ಕದಿಂದ ಒಳಕ್ಕೆ ಹೋದದ್ದು ತಣ್ಣಗೆ ತಾಗಿತು. ಬಣ್ಣ ಬಂತು. ಬೆರಳು ತೆಗೆದರೆ ಕೂಸು ಹೋಗುತ್ತದೆ ಅನ್ನುವುದು ಆ ಗಳಿಗೆಯಲ್ಲಿ ಅರ್ಥವಾಯಿತು.

ಅಕ್ಕ ಎದ್ದು ಕೂತಿದ್ದಳು. "ನನ್ನ ಕೂಸಿನ ಬಾಯಿಗೆ ಯಾಕೆ ಕೈ ಹಾಕಿದೀಯ? ಕೊಡು ಇಲ್ಲಿ, ಹಾಲು ಕುಡಿಸ್ತೀನಿ."

"ಅಕ್ಕಾ, ಅದು ಹಾಲು ಕುಡಿಯಕ್ಕೆ ಆಗಲ್ಲ. ಮಡಿಕೇರಿಗೆ ಕರ್ಕೊಂಡು ಹೋಗಬೇಕು. ಈಗಲೇ."

"ಹುಟ್ಟಿದ ದಿನವೇ ಹೊಸಲು ದಾಟಿಸ್ತಾರೇನೇ ಕೂಸನ್ನ!" ಅಂದಳು ಅವ್ವ. "ಗಾಳಿ, ಚಳಿ. ನಾಲ್ಕು ದಿನ ಓದ್ಕಂಡು ಬಂದ್ಬುಟ್ಟು ಇಲ್ಲದ್ದೆಲ್ಲ ಹೇಳಬ್ಯಾಡ. ಬೆರಳು ತೆಗಿ. ನಿದ್ದೆ ಮಾಡ್ಲಿ ಬುಡು."

ಅವ್ವ ಕೆಟ್ಟವಳಲ್ಲ. ಅವಳ ಕಣ್ಣಿಗೆ ಕಂಡದ್ದು ಸುಮ್ಮನೆ ಮಲಗಿದ ಕೂಸು, ಮತ್ತು ಅದನ್ನು ಹಿಂಸೆ ಮಾಡುತ್ತಿರುವ ಚಿಕ್ಕ ಮಗಳು. ಬಾಯಲ್ಲಿ ಎಷ್ಟು ಹೇಳಿದರೂ ಅವಳು ನಂಬುವ ಹಾಗಿರಲಿಲ್ಲ. ನಂಬಿಸಲು ನನಗೆ ಒಂದೇ ದಾರಿ ಕಂಡಿತು.

"ಸರಿ. ಬೆರಳು ತೆಗಿತೀನಿ. ನೀವೇ ನೋಡಿ" ಅಂದೆ.

ಕೂಸನ್ನು ಕಿಟಕಿಯ ಬೆಳಕಿಗೆ ಹಿಡಿದು ಬೆರಳು ತೆಗೆದೆ. ಬಾಯಿ ಮುಚ್ಚಿತು. ಎದೆ ಒಳಕ್ಕೆ ಹೋಯಿತು, ಮತ್ತೆ ಹೋಯಿತು. ಪುಟ್ಟ ಕೈಗಳು ಗಾಳಿಯಲ್ಲಿ ಏನನ್ನೋ ಹಿಡಿಯಲು ಹೋಗಿ ಬಿದ್ದವು. ತುಟಿ ನೀಲಿಯಾಯಿತು. ಕಣ್ಣ ಸುತ್ತ ನೀಲಿ ಬಂತು. ಈಗ ಅಳುತ್ತದೆ ಅಂತ ಕಾದೆ. ಅದು ಅಳಲಿಲ್ಲ. ಕತ್ತು ಸಡಿಲವಾಗಿ ನನ್ನ ಮೊಣಕೈ ಮೇಲೆ ವಾಲಿತು.

"ಅಯ್ಯೋ, ಹಾಕೇ! ಬೆರಳು ಹಾಕೇ!" ಅಂತ ಕೂಗಿದ್ದು ಅವ್ವನೇ.

ಬೆರಳು ಹಾಕಿದೆ. ಗಾಳಿ ಹೋಗಲಿಲ್ಲ. ನಾಲಗೆಯನ್ನು ಇನ್ನಷ್ಟು ಮುಂದಕ್ಕೆ ಎಳೆದು, ಬಾಯಿಗೆ ಬಾಯಿ ಇಟ್ಟು ಕೆನ್ನೆಯಲ್ಲಿದ್ದಷ್ಟು ಗಾಳಿ ಮೆಲ್ಲಗೆ ಊದಿದೆ. ಎದೆ ಮೇಲೆದ್ದಿತು. ಇನ್ನೊಮ್ಮೆ ಊದಿದೆ. ಕೂಸು ಬಿಕ್ಕಿ, ಕೆಮ್ಮಿ, ಕೊನೆಗೆ ಅತ್ತಿತು. ಅವ್ವ ಬಾಗಿಲಿಗೆ ಓಡಿ, ಗಾಡಿ ಕಟ್ಟಿ ಅಂತ ಅಪ್ಪನಿಗೆ ಕೂಗಿದಳು. ಅಕ್ಕ ಅಳಲೂ ಇಲ್ಲ. ಎರಡೂ ಕೈಯಲ್ಲಿ ಕಂಬಳಿ ಹಿಡಿದು ನನ್ನನ್ನೇ ನೋಡುತ್ತಿದ್ದಳು.

ಸೂಲಗಿತ್ತಿ ಅಜ್ಜಿ ನನ್ನ ಹತ್ತಿರ ಬಂದಳು. "ಹಿಂಗೇ ಒಂದು ಕೂಸು ನನ್ನ ಕೈಲಿ ಹೋಯ್ತು ಕಣವ್ವ, ಬಹಳ ವರ್ಷ ಆಯ್ತು. ಅತ್ತು ಅತ್ತು ಮಲಗ್ತು, ಏಳ್ಲಿಲ್ಲ. ಯಾಕೆ ಅಂತ ಈ ತನಕ ತಿಳೀಲಿಲ್ಲ. ನೀನು ಹೊರಡು. ಇವಳನ್ನ ನಾನು ನೋಡ್ಕತೀನಿ."

ಅಪ್ಪ ಆಗಲೇ ಗಾಡಿ ಕಟ್ಟಿದ್ದರು.

ಕುಶಾಲನಗರದ ಆಸ್ಪತ್ರೆಯ ಡಾಕ್ಟರು ಅಂದು ಯಾವುದೋ ಕೆಲಸಕ್ಕೆ ಹೊರಗೆ ಹೋಗಿದ್ದರು. ಕಾಂಪೌಂಡರು ಕೂಸನ್ನು ಒಮ್ಮೆ ನೋಡಿ, "ಇಲ್ಲಿ ಕಾಯಬೇಡಿ, ಮಡಿಕೇರಿ ಬಸ್ಸು ನಿಂತಿದೆ, ಹತ್ತಿ" ಅಂದರು. ಅವರೇ ಓಡಿ ಹೋಗಿ ಬಸ್ಸು ತಡೆದರು. ನಾನು ಕಿಟಕಿಯ ಪಕ್ಕ ಕೂತೆ. ಕೂಸು ಎಡಗೈಯಲ್ಲಿ, ಬಲಗೈಯ ಕಿರುಬೆರಳು ಅದರ ಬಾಯಲ್ಲಿ. ಅಪ್ಪ ನನ್ನ ಪಕ್ಕ ಕೂತರು.

ಸ್ವಲ್ಪ ದೂರ ಹೋಗುವಷ್ಟರಲ್ಲಿ ನನ್ನ ತೋಳು ಸೆಟೆದುಕೊಂಡಿತು. ಬಸ್ಸು ಹೊಂಡಕ್ಕಿಳಿದಾಗಲೆಲ್ಲ ಬೆರಳು ಜಾರುತ್ತಿತ್ತು. ಜಾರಿದ ಗಳಿಗೆಗೇ ಕೂಸು ಬಾಯಿ ಮುಚ್ಚುತ್ತಿತ್ತು. ಅಪ್ಪ ಮೆಲ್ಲಗೆ, "ನಾನು ಒಂದು ಸ್ವಲ್ಪ ಹೊತ್ತು ಹಿಡ್ಕಳ್ಳಾ?" ಅಂದರು. ಅವರ ಕಿರುಬೆರಳನ್ನು ನೋಡಿದೆ. ನೇಗಿಲು ಹಿಡಿದು ಹಿಡಿದು ಒರಟಾದ ಬೆರಳು. ಅದು ಕೂಸಿನ ಬಾಯಿಯಷ್ಟೇ ದಪ್ಪ ಇತ್ತು. ಅವರಿಗೂ ಅದು ಕಂಡಿತು. ತಮ್ಮ ಅಂಗೈಯನ್ನು ನನ್ನ ಮೊಣಕೈ ಕೆಳಗೆ ಕೊಟ್ಟರು. ಮಡಿಕೇರಿ ಬರುವ ತನಕ ಆ ಅಂಗೈ ಅಲ್ಲಿಂದ ಕದಲಲಿಲ್ಲ.

ಹಿಂದಿನ ಸೀಟಿನಲ್ಲಿದ್ದ ಒಬ್ಬ ಮಲಯಾಳಿ ಹೆಂಗಸು ಬಗ್ಗಿ ನೋಡಿದಳು. ಎಸ್ಟೇಟಿನ ಕೂಲಿಯವರ ಲೈನುಮನೆಯಲ್ಲಿ ಇರುವವಳಿರಬೇಕು, ತಲೆಗೆ ಬಟ್ಟೆ ಕಟ್ಟಿದ್ದಳು. "ಮೋಳೇ, ಮಗಳೇ, ಕುಞ್ಞಿನ ಬಾಯಿಗೆ ಯಾಕೆ ಬೆರಳು? ಉಸಿರು ಕಟ್ಟುತ್ತೆ. ತೆಗಿ, ತೆಗಿ."

"ತೆಗೆದರೇ ಉಸಿರು ಕಟ್ಟೋದು" ಅಂದೆ. ಅವಳಿಗೆ ಅರ್ಥವಾಗಲಿಲ್ಲ. ಬೇರೆಯವರೂ ತಿರುಗಿ ನೋಡತೊಡಗಿದರು. ಯಾರೋ ಮಗುವನ್ನು ಭುಜಕ್ಕೆ ಹಾಕಿ ತಟ್ಟು ಅಂದರು. ಯಾರೋ ಹಾಲು ಕೊಡು ಅಂದರು. ಕಂಡಕ್ಟರು ಬಂದು, "ಏನಮ್ಮ, ಮಗೂನ ಸಮಾಧಾನ ಮಾಡೋಕೆ ಬರಲ್ವಾ ನಿಮಗೆ?" ಅಂತ ರೇಗಿದ.

ನಮ್ಮಪ್ಪ ನಾಲ್ಕು ಜನರ ಎದುರು ಮಾತಾಡಿದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ. ಕೂತಲ್ಲಿಂದಲೇ, ನನ್ನ ಮೊಣಕೈ ಬಿಡದೆ ಹೇಳಿದರು: "ನೋಡಿ ಸ್ವಾಮಿ, ಈ ಕೂಸಿಗೆ ಮೂಗಲ್ಲಿ ಉಸಿರಿಲ್ಲ. ಅಳು ನಿಂತ್ರೆ ಅದರ ಜೀವ ನಿಲ್ತದೆ. ನನ್ನ ಮಗಳು ನರ್ಸು. ಅವಳು ಮಾಡಿದ್ದೇ ಸರಿ. ಬಸ್ಸು ಎಲ್ಲೂ ನಿಲ್ಲಿಸ್ದೆ ಹೋದ್ರೆ ಸಾಕು."

ಸುಂಟಿಕೊಪ್ಪ ಬಂದಾಗ ಅಂಗಡಿಯವರು ಮೂಟೆ ಇಳಿಸಿಕೊಳ್ಳಲು ಕಾದು ನಿಂತಿದ್ದರು. ಕಂಡಕ್ಟರು ಬಾಗಿಲಲ್ಲೇ ನಿಂತು, "ಬರುವಾಗ ಕೊಡ್ತೀವಿ, ಹೋಗಿ!" ಅಂತ ಕೂಗಿದ. ಇಳಿಯಬೇಕಾದವರು ಇಳಿದರು ಅಷ್ಟೆ, ಹತ್ತುವವರನ್ನು ಬೇಗ ಹತ್ತಿಸಿಕೊಂಡು ಹೊರಟೆವು. ಮಲಯಾಳಿ ಹೆಂಗಸು ಇಳಿಯುವ ಮುನ್ನ ತಲೆಯ ಬಟ್ಟೆ ಬಿಚ್ಚಿ ಕೂಸಿನ ಕಾಲಿಗೆ ಸುತ್ತಿ ಹೋದಳು.

ಅಲ್ಲಿಂದ ಮುಂದಿನ ತಿರುವುಗಳಲ್ಲಿ ಕೂಸಿಗೆ ಸುಸ್ತಾಯಿತು. ಅಳು ಬೆಕ್ಕಿನ ಮರಿಯ ದನಿಯಷ್ಟಾಯಿತು, ಆಮೇಲೆ ಬರೀ ತುಟಿ ನಡುಗುವುದಾಯಿತು. ನಾನು ಅಳಿಸಲು ಅಂಗಾಲು ಉಜ್ಜಿದೆ, ಕಿವಿ ಹಿಂಡಿದೆ. ಬಾಯಲ್ಲಿ ಜೊಲ್ಲು ತುಂಬಿಕೊಂಡಿತು. ಅದು ಉಸಿರಿನ ದಾರಿಗೆ ಹೋದೀತೆಂದು ಕೂಸನ್ನು ಒಂದು ಮಗ್ಗುಲಿಗೆ ಹೊರಳಿಸಿದೆ, ಸೆರಗಿನಿಂದ ಒರೆಸಿದೆ. ಕಿಟಕಿಯ ಆಚೆ ಕಾಫಿ ತೋಟಗಳ ನೆರಳು ಬಿದ್ದಾಗಲೆಲ್ಲ ಕೂಸಿನ ಮುಖದ ಬಣ್ಣ ತಿಳಿಯುತ್ತಿರಲಿಲ್ಲ. ಬಿಸಿಲಿನ ತುಂಡು ಬರುವವರೆಗೆ ನಾನೂ ಉಸಿರು ಹಿಡಿದಿರುತ್ತಿದ್ದೆ. ಬಿಸಿಲು ಬಂದಾಗ ತುಟಿ ನೋಡುತ್ತಿದ್ದೆ. ಇನ್ನೂ ಇದೆ. ಮತ್ತೆ ನೆರಳು.

ಮಡಿಕೇರಿಯಲ್ಲಿ ಡ್ರೈವರು ಬಸ್ಸನ್ನು ನೇರವಾಗಿ ಆಸ್ಪತ್ರೆಯ ಹತ್ತಿರವೇ ತಂದು ನಿಲ್ಲಿಸಿದ.

ಅಲ್ಲಿನ ಡಾಕ್ಟರು ವಯಸ್ಸಾದವರು, ಗಟ್ಟಿಯಾಗಿ ಮಾತಾಡದವರು. ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಅತ್ತಾಗ ಕೆಂಪು, ಸುಮ್ಮನಾದಾಗ ನೀಲಿ, ಟ್ಯೂಬು ಹೊಟ್ಟೆಗೆ ಹೋಗುತ್ತದೆ, ಮೂಗಿನಲ್ಲಿ ಹೋಗುವುದಿಲ್ಲ. ಅವರು ಒಂದು ಪುಟ್ಟ ಕನ್ನಡಿಯನ್ನು ಕೂಸಿನ ಮೂಗಿನ ಕೆಳಗೆ ಹಿಡಿದರು. ಕನ್ನಡಿ ಮಸುಕಾಗಲಿಲ್ಲ. ಬಾಯಿಯ ಹತ್ತಿರ ಹಿಡಿದಾಗ ಮಸುಕಾಯಿತು. ಆಮೇಲೆ ತಾವೇ ಎರಡೂ ಹೊಳ್ಳೆಗೆ ಟ್ಯೂಬು ಬಿಟ್ಟು ನೋಡಿದರು.

"ಎರಡೂ ಕಡೆ ಮುಚ್ಚಿದೆ. ಹುಟ್ಟಿನಿಂದಲೇ" ಅಂದರು. "ನಾನು ಇಂಥದ್ದನ್ನ ಪುಸ್ತಕದ ಹೊರಗೆ ಒಂದೇ ಸಲ ನೋಡಿರೋದು. ನೀನು ನರ್ಸಾ?"

"ಈಗ ತಾನೇ ಪಾಸಾಗಿದೀನಿ ಸಾರ್."

"ಬೆರಳು ಹಾಗೇ ಇರಲಿ, ನಾನು ಹೇಳೋವರೆಗೆ ತೆಗೀಬೇಡ."

ದಪ್ಪ ರಬ್ಬರ್ ಟ್ಯೂಬಿನ ಒಂದು ತುಂಡನ್ನು ಕತ್ತರಿಸಿ, ಅಂಚು ನುಣ್ಣಗೆ ಮಾಡಿ, ನನ್ನ ಬೆರಳಿದ್ದ ಜಾಗಕ್ಕೆ ಅದನ್ನು ಕೂರಿಸಿ, ಕೆನ್ನೆಗೆ ಪಟ್ಟಿ ಅಂಟಿಸಿದರು. "ಈಗ ತೆಗಿ" ಅಂದರು. ನಾನು ತೆಗೆಯಲಿಲ್ಲ. ಕೈ ನನ್ನ ಮಾತು ಕೇಳಲಿಲ್ಲ. ವಾರ್ಡಿನ ಸಿಸ್ಟರು ನನ್ನ ಮಣಿಕಟ್ಟು ಹಿಡಿದು ಮೆಲ್ಲಗೆ ಎಳೆದರು. ರಬ್ಬರಿನ ಒಳಗಿಂದ ಸಣ್ಣ ಸಿಳ್ಳೆಯ ಹಾಗೆ ಗಾಳಿ ಹೋಗಿ ಬಂದು ಮಾಡುತ್ತಿತ್ತು. ಕೂಸು ಹುಟ್ಟಿದ ಮೇಲೆ ಮೊದಲ ಸಲ ಕೆಂಪಗೆ ಇದ್ದುಕೊಂಡೇ ನಿದ್ದೆ ಮಾಡಿತು. ನನಗೆ ಆ ಮೌನದಲ್ಲಿ ನಂಬಿಕೆ ಬರಲಿಲ್ಲ. ಮಂಚದ ಪಕ್ಕ ನಿಂತು ಆ ಸಿಳ್ಳೆಗೆ ಕಿವಿ ಕೊಟ್ಟೇ ಇದ್ದೆ.

ಅಪ್ಪ ಸಂಜೆಯ ಬಸ್ಸಿಗೆ ಊರಿಗೆ ಹೋದರು. ನಾನು ಕೂಸಿನ ಜೊತೆ ಉಳಿದೆ.

ಉಸಿರಿನ ಭಯ ತಗ್ಗುತ್ತಲೇ ಹಾಲಿನ ಭಯ ಶುರುವಾಯಿತು. ಅದು ಚೀಪುವ ಹಾಗಿಲ್ಲ. ಟ್ಯೂಬನ್ನು ಬಾಯಿಂದ ಹೊಟ್ಟೆಗೆ ಇಳಿಸಿ, ಅದರ ಮೂಲಕ ಹಾಲು ಬಿಡಬೇಕು. ಬಿಡುವ ಮೊದಲು ಟ್ಯೂಬಿನ ಹೊರತುದಿಯನ್ನು ನೀರಿನ ಬಟ್ಟಲಲ್ಲಿ ಅದ್ದಿ ನೋಡಬೇಕು. ಉಸಿರಿನ ಜೊತೆಜೊತೆಗೆ ಗುಳ್ಳೆ ಎದ್ದರೆ ಟ್ಯೂಬು ಹೊಟ್ಟೆಗಲ್ಲ, ಶ್ವಾಸನಾಳಕ್ಕೆ ಹೋಗಿದೆ ಅಂತ. ಆಗ ಹಾಲು ಬಿಟ್ಟರೆ ಕೊಂದ ಹಾಗೆ. ಮೊದಲ ಸಲವೇ ಒಂದು ಗುಳ್ಳೆ ಎದ್ದಿತು. ನಾನು ಟ್ಯೂಬನ್ನು ಕಿತ್ತೇಬಿಟ್ಟೆ. ಸಿಸ್ಟರು ಬೈಯಲಿಲ್ಲ. "ಹೊಟ್ಟೆಯಲ್ಲಿರೋ ಗಾಳಿನೂ ಒಂದು ಗುಳ್ಳೆ ಬರುತ್ತೆ. ಉಸಿರಿಗೆ ಸರಿಯಾಗಿ ಬರ್ತಾನೇ ಇದೆಯಾ ಅಂತ ನೋಡಬೇಕು. ಮತ್ತೆ ಹಾಕು, ನಾನಿದೀನಿ" ಅಂದರು. ಮತ್ತೆ ಹಾಕಿದೆವು. ಇಬ್ಬರೂ ಬಟ್ಟಲಿನ ನೀರನ್ನೇ ನೋಡಿದೆವು. ನೀರು ಅಲುಗಲಿಲ್ಲ.

ಹಾಲು ಕೊಟ್ಟವರು ಪಕ್ಕದ ಮಂಚದಲ್ಲಿದ್ದ ಬಿಟ್ಟಂಗಾಲದ ಕಡೆಯ ಕೊಡವ ಬಾಣಂತಿ. ಕೇಳುವ ಮೊದಲೇ ತಾವೇ ಬಟ್ಟಲು ಕೇಳಿ ಹಿಂಡಿಕೊಟ್ಟರು. ಹಾಲು ಒಳಗೆ ಹೋದ ಮೇಲೆ ನಾನು ಹೊಟ್ಟೆಯ ಮೇಲೆ ಕೈ ಇಟ್ಟು ನೋಡುತ್ತಿದ್ದೆ, ಬಿಗಿಯಾಗಿದೆಯಾ ಅಂತ. ವಾಂತಿ ಬಂದರೆ ಅದರ ಬಣ್ಣ ನೋಡುತ್ತಿದ್ದೆ, ಹಸಿರಿದೆಯಾ ಅಂತ. ಒಂದು ದಾರಿ ಮುಚ್ಚಿಕೊಂಡು ಹುಟ್ಟಿದ ಮಗುವಿಗೆ ಒಳಗೆ ಎಲ್ಲೋ ಇನ್ನೊಂದು ದಾರಿಯೂ ಮುಚ್ಚಿರಬಹುದು ಅನ್ನುವ ಹೆದರಿಕೆ ತಲೆಯಿಂದ ಹೋಗುತ್ತಿರಲಿಲ್ಲ. ಕೊನೆಗೂ ಕೂಸು ಕಪ್ಪಗೆ, ಡಾಂಬರಿನ ಹಾಗೆ ಕಕ್ಕ ಮಾಡಿದಾಗ ನಾನು ಆ ಬಟ್ಟೆಯನ್ನು ಹಿಡಿದುಕೊಂಡು ಸಿಸ್ಟರ ಹತ್ತಿರ ಓಡಿದೆ. ಅವರು ನಕ್ಕುಬಿಟ್ಟರು. ಕೊಡವ ಬಾಣಂತಿಯೂ ನಕ್ಕರು. ನನಗೆ ಮಾತ್ರ ನಗು ಬರಲಿಲ್ಲ.

ಅಕ್ಕ ಮೈ ಸ್ವಲ್ಪ ಗಟ್ಟಿಯಾದ ಕೂಡಲೇ ಬಾವನ ಜೊತೆ ಬಂದಳು. ಕೂಸಿನ ಬಾಯಲ್ಲಿದ್ದ ರಬ್ಬರನ್ನು ನೋಡಿ ಮುಖ ತಿರುಗಿಸಿದಳು. ಆಮೇಲೆ ತಾನೇ ಹತ್ತಿರ ಬಂದು, "ಇದು ಬಿದ್ದುಹೋದ್ರೆ ಏನು ಮಾಡಬೇಕು, ನಂಗೂ ಹೇಳಿಕೊಡು" ಅಂದಳು. ಹೇಳಿಕೊಟ್ಟೆ. ಅವಳ ಬೆರಳು ನನ್ನದಕ್ಕಿಂತ ಸಣ್ಣ, ನನ್ನದಕ್ಕಿಂತ ಸ್ಥಿರ. ನನಗೆ ನಿದ್ದೆ ಮಾಡಲು ಧೈರ್ಯ ಬಂದದ್ದು ಅವಳು ಬಂದ ಮೇಲೆಯೇ. ಆದರೂ ಸಿಳ್ಳೆ ಒಂದು ಕ್ಷಣ ತಪ್ಪಿದರೆ ಇಬ್ಬರೂ ಒಟ್ಟಿಗೆ ಎದ್ದು ಕೂರುತ್ತಿದ್ದೆವು.

ವಾರಗಳು ಕಳೆದ ಹಾಗೆ ಕೂಸು ಬಾಯಲ್ಲಿ ಉಸಿರಾಡುವುದನ್ನು ಕಲಿಯಿತು. ಡಾಕ್ಟರು ಮೊದಲು ಸ್ವಲ್ಪ ಸ್ವಲ್ಪ ಹೊತ್ತು ರಬ್ಬರು ತೆಗೆದು ನೋಡಿದರು. ಬಾಯಿ ತಾನಾಗಿ ತೆರೆದುಕೊಂಡೇ ಇತ್ತು. ತೂಕ ಬಂದ ಮೇಲೆ ಅವರೇ ಕಾಗದ ಬರೆದುಕೊಟ್ಟು ಮೈಸೂರಿಗೆ ಕಳಿಸಿದರು. ಅಲ್ಲಿನ ಸರ್ಜನರು ಮೂಗಿನ ಹಿಂದಿನ ತಡಿಕೆಯನ್ನು ಚುಚ್ಚಿ ತೆಗೆದು, ದಾರಿ ಮತ್ತೆ ಮುಚ್ಚಿಕೊಳ್ಳದ ಹಾಗೆ ಎರಡೂ ಹೊಳ್ಳೆಯಲ್ಲಿ ಸಣ್ಣ ಟ್ಯೂಬು ಇಟ್ಟರು. ಆಪರೇಷನ್ ಕೋಣೆಯ ಬಾಗಿಲ ಹೊರಗೆ ಅಕ್ಕ, ಬಾವ, ನಾನು ಒಂದೇ ಬೆಂಚಿನಲ್ಲಿ ಕೂತಿದ್ದೆವು. ಬಾವ ತಮ್ಮ ಟೋಪಿಯನ್ನು ಹಿಂಡಿ ಹಿಂಡಿ ಅದರ ಆಕಾರ ಕೆಡಿಸಿಬಿಟ್ಟಿದ್ದರು.

ಆ ಕೂಸು ಬದುಕಿತು. ಸ್ವಲ್ಪ ಮೂಗಿನಲ್ಲೇ ಮಾತಾಡುವ ಹುಡುಗಿಯಾಗಿ ಬೆಳೆಯಿತು. ನೆಗಡಿಯಾದರೆ ಮನೆಯವರೆಲ್ಲರ ನಿದ್ದೆ ಕೆಡಿಸುತ್ತಿತ್ತು. ನಾನು ಆಮೇಲೆ ಸರ್ಕಾರಿ ಕೆಲಸಕ್ಕೆ ಸೇರಿ, ಪೊನ್ನಂಪೇಟೆಯಲ್ಲೂ ಬೇರೆ ಕಡೆಯೂ ಲೆಕ್ಕವಿಲ್ಲದಷ್ಟು ಹೆರಿಗೆ ನೋಡಿದೆ. ಹುಟ್ಟಿದ ಮಕ್ಕಳು ಅತ್ತಾಗ ಬೇರೆಯವರು ಸಂತೋಷಪಟ್ಟು ಎದ್ದು ಹೋಗುತ್ತಿದ್ದರು. ನಾನು ಅವು ಸುಮ್ಮನಾಗುವವರೆಗೆ ಕೂತಿರುತ್ತಿದ್ದೆ.

ಮೈಸೂರಿನಲ್ಲಿ ಆ ಟ್ಯೂಬುಗಳನ್ನು ತೆಗೆದ ದಿನ ಸರ್ಜನರು ಅಕ್ಕನಿಗೆ, "ಇನ್ನು ಎದೆಗೆ ಹಾಕಿಕೊಂಡು ನೋಡಿ" ಅಂದರು. ಅಲ್ಲಿಯವರೆಗೆ ಅಕ್ಕ ಹಾಲನ್ನು ಬಟ್ಟಲಿಗೇ ಹಿಂಡುತ್ತಿದ್ದಳು. ಅವಳು ಗೋಡೆಗೆ ಒರಗಿ ಕೂತು ಕೂಸನ್ನು ಮಡಿಲಿಗೆ ತೆಗೆದುಕೊಂಡಳು. ಕೂಸಿಗೆ ಏನು ಮಾಡಬೇಕೆಂದು ತಿಳಿಯದೆ ಮುಖ ಅತ್ತಿತ್ತ ಆಡಿಸಿತು, ಆಮೇಲೆ ತೊಟ್ಟು ಸಿಕ್ಕಿತು. ಬಾಯಿ ತುಂಬಿತು. ತುಟಿ ಮುಚ್ಚಿತು.

ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ. ಹೊರಗೆ ಬಂದು, ವರಾಂಡದ ಕಂಬ ದಾಟಿ, ನಲ್ಲಿಯ ಹತ್ತಿರ ಹೋಗಿ ಬಗ್ಗಿ ವಾಂತಿ ಮಾಡಿದೆ. ಬೆಳಗಿನ ಕಾಫಿ ಬಿಟ್ಟರೆ ಹೊಟ್ಟೆಯಲ್ಲಿ ಏನೂ ಇರಲಿಲ್ಲ. ಮುಖ ತೊಳೆದುಕೊಂಡು ನಲ್ಲಿ ಹಿಡಿದು ನಿಂತೆ. ಒಳಗಿಂದ ಯಾರೂ ಕೂಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಬಾವ ಬಾಗಿಲಿಗೆ ಬಂದು, ಕೈ ಸನ್ನೆ ಮಾಡಿ, "ಬಾರವ್ವ ಒಳಕ್ಕೆ, ಕುಡಿತಾ ಅದೆ" ಅಂದರು.